ಗಾಳಿ ಶುದ್ಧ ಇರಲಿ ಅನ್ನುವವರ ಮನೆಯಲ್ಲಿ ಹಳೇ ಕಾರು ಇರಬಹುದಾ?

ಪದ್ಮಿನಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ಗಾಡಿ ಬಗ್ಗೆ ನನಗಿಂತ ಜಾಸ್ತಿ ತಿಳಿದವರಿದ್ದೀರಿ. ರಾಜಕೀಯದಲ್ಲಿ ನನಗೆ ಪೂರ್ತಿ ವಿರುದ್ಧ ಇರುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ 1987ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಕೊಂಡಿದ್ದು. ಗೇರ್ ಸ್ಟಿಯರಿಂಗ್ ಪಕ್ಕದಲ್ಲಿ, ಎಣ್ಣೆ ಕಾರ್ಬುರೇಟರ್‌ನಲ್ಲಿ, ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುವುದಿಲ್ಲ. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಅಪ್ಪ ಹೋದ ಮೇಲೂ ಅದನ್ನು ಮಾರುವ ಮನಸ್ಸು ಬಂದಿಲ್ಲ.

ಇನ್ನು ನನ್ನ ರಾಜಕೀಯ. ಕಾಲೇಜಿನಿಂದಲೂ ಎಡಕ್ಕೆ ವಾಲಿದವನು. ಗಾಳಿ, ನೀರು, ರಸ್ತೆ ಎಲ್ಲರದ್ದು, ಅದನ್ನು ಕಾಯಲು ಕಾನೂನು ಬಿಗಿ ಇರಬೇಕು ಅಂತ ನಂಬಿದ್ದೇನೆ. 2020ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮದಲ್ಲಿ ಬಿಎಸ್-5 ಬಿಟ್ಟು ನೇರ ಬಿಎಸ್-6ಕ್ಕೆ ಹೋದಾಗ ಮನಸಾರೆ ಖುಷಿಪಟ್ಟಿದ್ದೆ. ಪೆಟ್ರೋಲ್, ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಅದು ಸಣ್ಣ ಮಾತಲ್ಲ.

ಈಗ ನಡೆದದ್ದು ಹೇಳುತ್ತೇನೆ. ಎಮಿಷನ್ ಟೆಸ್ಟ್ ಮಾಡಿಸಲು ಹೋಗಿದ್ದೆ. ಅಲ್ಲಿದ್ದ ಹುಡುಗ ಗಾಡಿ ನೋಡಿ, "ಸರ್, ಹಳೇ ಗಾಡಿ, ಪೈಪ್ ಹಾಕೋದು ಬೇಡ, ಹಾಗೇ ಸರ್ಟಿಫಿಕೇಟ್ ಕೊಡ್ತೀನಿ" ಅಂದ. ನನಗೆ ಒಂಥರಾ ಆಯಿತು. ಇಲ್ಲಪ್ಪ, ಹಾಕು ಅಂದೆ. ಹಾಕಿದ. ಕಾರ್ಬನ್ ಮಾನಾಕ್ಸೈಡ್ 4.6 ಪರ್ಸೆಂಟ್. ನನ್ನ ಕಾಲದ ಪೆಟ್ರೋಲ್ ಕಾರಿಗೆ ಮಿತಿ 3. ಫೇಲ್.

ವಾಪಸ್ ಬಂದು ಗ್ಯಾರೇಜಿನಲ್ಲಿ ಜೆಟ್ ಕ್ಲೀನ್ ಮಾಡಿಸಿದೆ, ಪ್ಲಗ್ ಬದಲಾಯಿಸಿದೆ, ಐಡ್ಲಿಂಗ್ ಸ್ಕ್ರೂ ಸರಿಮಾಡಿಸಿದೆ. ಮತ್ತೆ ಟೆಸ್ಟ್ ಮಾಡಿಸಿದಾಗ 2.4 ಬಂತು. ಪಾಸ್.

ಮೊದಲ ದಿನ ಆ ಹುಡುಗನ ಮಾತು ಕೇಳಿದ್ದರೆ ಇನ್ನೂ 4.6 ಬಿಡುತ್ತಾ ಊರೆಲ್ಲ ಸುತ್ತುತ್ತಿದ್ದೆ, ಜೇಬಿನಲ್ಲಿ ಸರ್ಟಿಫಿಕೇಟ್ ಇಟ್ಟುಕೊಂಡು. ಅವತ್ತಿನಿಂದ ಇದೇ ಯೋಚನೆ. ನಾನು ಮಾತಾಡುವುದು ಒಂದು, ಓಡಿಸುವುದು ಇನ್ನೊಂದು ಅಂತ ಆಗಿದೆಯಾ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಅನಿಸಿದೆಯಾ? ನೀವು ಯಾವ ಪಕ್ಷದವರಾದರೂ ಪರವಾಗಿಲ್ಲ, ಪಕ್ಷದ ಜಗಳ ಬೇಡ. ನಿಮ್ಮ ನಂಬಿಕೆ ಮತ್ತು ನಿಮ್ಮ ಗಾಡಿ ಎಲ್ಲಿ ಡಿಕ್ಕಿ ಹೊಡೆಯುತ್ತವೆ, ಅಷ್ಟು ಹೇಳಿ.

ಘಟ್ಟದ_ಜಿಪ್ಸಿ

ಸರ್, ನಾನು ನಿಮಗೆ ಪೂರ್ತಿ ಉಲ್ಟಾ. ಸರ್ಕಾರ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವವನು. ಚಿಕ್ಕಮಗಳೂರಲ್ಲಿ ತೋಟ, ಮನೆಯಲ್ಲಿ 1999ರ ಜಿಪ್ಸಿ. ಸಸ್ಪೆನ್ಷನ್ ಎತ್ತರಿಸಿದ್ದೇನೆ, ದಪ್ಪ ಟೈರ್ ಹಾಕಿದ್ದೇನೆ, ಕೆಸರಲ್ಲಿ ಸಿಕ್ಕಿಕೊಂಡರೆ ಹಗ್ಗ ಸುತ್ತಿ ಎಳೆಯುವ ವಿಂಚ್ ಮುಂದೆ ಇದೆ. ಮಳೆಗಾಲದಲ್ಲಿ ನಮ್ಮ ತೋಟದ ದಾರಿ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಆದರೆ ಕಾನೂನಿನ ಕಣ್ಣಲ್ಲಿ ನಾನು ತಪ್ಪುಗಾರ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52. ಕಂಪನಿ ಹೇಗೆ ಕೊಟ್ಟಿದೆಯೋ ಅದನ್ನು ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲ ಎರಡೂ. ವಿಂಚ್‌ಗೆ ಒಂದು, ಟೈರ್‌ಗೆ ಒಂದು ಅಂತ ಲೆಕ್ಕ ಹಾಕಿ.

ನಾನು ಕೇಳುವುದು ಇಷ್ಟೇ. ನನ್ನ ವಿಂಚ್‌ನಿಂದ ಯಾರಿಗೆ ಏನು ತೊಂದರೆ? ಗಾಡಿ ಕೊಳ್ಳುವಾಗ ಲೈಫ್ ಟ್ಯಾಕ್ಸ್ ಕಟ್ಟಿದ್ದೇನೆ. ದೇಶದಲ್ಲೇ ಜಾಸ್ತಿ ಟ್ಯಾಕ್ಸ್ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಇವತ್ತು 10 ಲಕ್ಷ ದಾಟಿದ ಕಾರಿಗೆ 17 ಪರ್ಸೆಂಟ್, 20 ಲಕ್ಷ ದಾಟಿದರೆ 18, ಅದರ ಮೇಲೆ ಸೆಸ್. ಇಷ್ಟು ಕಟ್ಟಿಸಿಕೊಂಡ ಮೇಲೆ ನನ್ನ ಗಾಡಿಗೆ ಯಾವ ಟೈರ್ ಬೇಕು ಅಂತ ನಾನು ನಿರ್ಧಾರ ಮಾಡಬಾರದಾ?

ಹಾಗಾಗಿ ನನಗೆ ಡಿಕ್ಕಿ ಏನೂ ಇಲ್ಲ. ನಂಬಿಕೆ, ಗಾಡಿ ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆ.

335ಇ_ಹತ್ತುವವಳು

ಜಿಪ್ಸಿ ಅಣ್ಣ, ಒಂದು ಕೇಳಲಾ? ಮುಳ್ಳಯ್ಯನಗಿರಿಗೆ ಶನಿವಾರ ಭಾನುವಾರ ಬರುವ ಬೈಕುಗಳ ಸೈಲೆನ್ಸರ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ಘಟ್ಟದ_ಜಿಪ್ಸಿ

ತಂಗಿ, ಸರಿಯಾದ ಜಾಗದಲ್ಲೇ ಹಿಡಿದಿರಿ.

ಸುಳ್ಳು ಹೇಳುವುದಿಲ್ಲ. ಬೆಂಗಳೂರಿಂದ ಬರುವ ಆ ಬೈಕುಗಳ ಸದ್ದಿಗೆ ನಮ್ಮ ಲೈನ್ ಮನೆಗಳಲ್ಲಿ ಮಕ್ಕಳು ಮಲಗುವುದಿಲ್ಲ. ಎರಡು ವರ್ಷದ ಹಿಂದೆ ನಾನೇ ಪೊಲೀಸರಿಗೆ ದೂರು ಕೊಟ್ಟಿದ್ದೆ. ಬೆಟ್ಟಕ್ಕೆ ಹೋಗಲು ಆನ್‌ಲೈನ್ ಬುಕಿಂಗ್ ಮಾಡಿ ಗಾಡಿಗಳ ಸಂಖ್ಯೆಗೆ ಮಿತಿ ಹಾಕಿದಾಗಲೂ ಒಳ್ಳೆಯದಾಯಿತು ಅಂದುಕೊಂಡೆ. ಅಂದರೆ ಅಲ್ಲಿ ನನಗೆ ಸರ್ಕಾರ ಬೇಕಾಯಿತು. ಇದನ್ನು ಒಪ್ಪಿಕೊಳ್ಳುತ್ತೇನೆ. ಅವರೂ ಬೈಕ್ ಮೇಲೆ ಪ್ರೀತಿ ಇಟ್ಟವರೇ ಅಲ್ವಾ. ಅವರ ಸೈಲೆನ್ಸರ್, ನನ್ನ ವಿಂಚ್. ಕಾಯ್ದೆಗೆ ಎರಡೂ ಒಂದೇ. ನನಗೆ ಎರಡೂ ಒಂದೇ ಅಲ್ಲ. ಸದ್ದು ಬೇಲಿ ದಾಟಿ ಬರುತ್ತದೆ.

ಕಾರ್ಬುರೇಟರ್_ಕೈ

ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟು 22 ವರ್ಷ. ಜಿಪ್ಸಿ ಸರ್ ಮಾತಿಗೆ ಸ್ವಲ್ಪ ಸೇರಿಸುತ್ತೇನೆ.

ವಿಂಚ್ ವಿಷಯ ಬಿಡಿ. ಮುಂದೆ ಹಾಕುತ್ತಾರಲ್ಲ ಗಟ್ಟಿ ಕಬ್ಬಿಣದ ಬುಲ್ ಬಾರ್, ಅದನ್ನು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತೆಗೆಸಿ ಅಂದಿತು. ನಾನೂ ಆಗ ಬೈದಿದ್ದೆ. ಹಾಕಿಕೊಟ್ಟು ಕಾಸು ಮಾಡುತ್ತಿದ್ದವನು ನಾನೇ. ಆಮೇಲೆ ಬುಲ್ ಬಾರ್ ಇದ್ದ ಒಂದು ಗಾಡಿ ಗ್ಯಾರೇಜಿಗೆ ಬಂತು. ನಡೆದುಕೊಂಡು ಹೋಗುತ್ತಿದ್ದವರಿಗೆ ತಾಗಿತ್ತು. ಬಾರ್‌ಗೆ ಏನೂ ಆಗಿರಲಿಲ್ಲ. ಬಾನೆಟ್ ಆಗಿದ್ದರೆ ಬಗ್ಗುತ್ತಿತ್ತು, ಆ ಪೆಟ್ಟು ಸ್ವಲ್ಪವಾದರೂ ತಗ್ಗುತ್ತಿತ್ತು. ಅವತ್ತಿನಿಂದ ನಾನು ಬುಲ್ ಬಾರ್ ಹಾಕುವುದು ಬಿಟ್ಟೆ.

ಆದರೆ ಎಲ್ಲ ಬದಲಾವಣೆಯೂ ಒಂದೇ ಅಂತ ಹೇಳುವ ಕಾನೂನು ಸರಿ ಅಂತ ನಾನು ಒಪ್ಪಲ್ಲ. ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿದರೆ ಗಾಡಿ ಮೊದಲಿಗಿಂತ ಬೇಗ ನಿಲ್ಲುತ್ತದೆ. ಅದನ್ನು ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ತೋರಿಸಿ, ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ಬರೆಸುವ ಸುಲಭದ ದಾರಿ ನನ್ನಂಥವನಿಗೆ ಇಲ್ಲ. ಮಾಡಿದರೆ ಕದ್ದು ಮಾಡಬೇಕು. ಕದ್ದು ಮಾಡುವಾಗ ಒಳ್ಳೆ ಕೆಲಸಗಾರನೂ ಒಂದೇ, ಕೆಟ್ಟ ಕೆಲಸಗಾರನೂ ಒಂದೇ. ನನಗೆ ಬೇಜಾರು ಅದೇ.

ಸ್ಟುಟ್‌ಗಾರ್ಟ್_ಕನ್ನಡಿಗ

ಅಣ್ಣ, ನೀವು ಹೇಳಿದ ದಾರಿ ಜರ್ಮನಿಯಲ್ಲಿ ಇದೆ. ಇಲ್ಲಿಗೆ ಬಂದು 11 ವರ್ಷ ಆಯಿತು. ಕಾರಿನ ಮೇಲೆ ಇಷ್ಟು ಪ್ರೀತಿ, ಇಷ್ಟು ಕಾನೂನು ಒಟ್ಟಿಗೆ ಇರುವುದನ್ನು ಬೇರೆ ಎಲ್ಲೂ ನಾನು ನೋಡಿಲ್ಲ.

ಖಾಸಗಿ ಕಾರನ್ನೂ ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು. ಹೊಸ ಕಾರಿಗೆ ಮಾತ್ರ ಮೊದಲ ಸಲ ಮೂರು ವರ್ಷ. ಟ್ಯೂಫ್ ಅನ್ನುವ ಸಂಸ್ಥೆ ಇದೆ, ಬೇರೆ ಸಂಸ್ಥೆಗಳೂ ಇವೆ. ಕಾರನ್ನು ಮೇಲೆತ್ತಿ ತುಕ್ಕು, ಬ್ರೇಕ್, ಲೈಟು, ಹೊಗೆ ಎಲ್ಲ ನೋಡುತ್ತಾರೆ. ಹಾಗೇ ಪಾಸ್ ಮಾಡಿಸಿಕೊಡುವ ಮಾತೇ ಇಲ್ಲ. ನನ್ನ ಕಾರು ಒಮ್ಮೆ ಒಂದು ಬ್ರೇಕ್ ಹೋಸ್‌ಗಾಗಿ ಫೇಲ್ ಆಯಿತು.

ಅದೇ ತಪಾಸಣೆಯವರ ಹತ್ತಿರ ನೀವು ಹಾಕಿದ ಸ್ಪ್ರಿಂಗ್, ಚಕ್ರ, ಎಕ್ಸಾಸ್ಟ್ ತೋರಿಸಬಹುದು. ಸರಿ ಇದ್ದರೆ ಬರೆದುಕೊಡುತ್ತಾರೆ, ಅದು ಗಾಡಿಯ ಕಾಗದಕ್ಕೆ ಸೇರುತ್ತದೆ. ಮುಗಿಯಿತು, ಅದು ಕಾನೂನುಬದ್ಧ. 30 ವರ್ಷ ದಾಟಿದ, ಮೂಲ ರೂಪದಲ್ಲಿ ಚೆನ್ನಾಗಿ ಉಳಿಸಿಕೊಂಡ ಕಾರಿಗೆ ನಂಬರ್ ಪ್ಲೇಟಿನ ಕೊನೆಗೆ 'ಹೆಚ್' ಅಕ್ಷರ ಸಿಗುತ್ತದೆ. ವರ್ಷಕ್ಕೆ ಸುಮಾರು 191 ಯೂರೋ ಟ್ಯಾಕ್ಸ್, ಅಷ್ಟೇ. ಹಳೇ ಗಾಡಿಗೆ ಪ್ರವೇಶ ಇಲ್ಲದ ನಗರದ ಭಾಗಗಳಿಗೂ ಅದು ಹೋಗಬಹುದು.

ಜಗಳ ಇಲ್ಲಿಯೂ ಇದೆ. ಆಟೋಬಾನ್‌ನಲ್ಲಿ ಬಹಳ ಕಡೆ ವೇಗಕ್ಕೆ ಮಿತಿ ಇಲ್ಲ, 130 ಅನ್ನುವುದು ಬರೀ ಸಲಹೆ. ಅದನ್ನು ಕಾನೂನು ಮಾಡಿ ಅಂತ ಗ್ರೀನ್ಸ್ ಪಕ್ಷ ಕೇಳುತ್ತದೆ, ಬೇಡವೇ ಬೇಡ ಅಂತ ಮುಕ್ತ ಮಾರುಕಟ್ಟೆ ಪರವಾದ ಪಕ್ಷ ಎಫ್‌ಡಿಪಿ ಹೇಳುತ್ತದೆ. ನಮ್ಮ ಸ್ಟುಟ್‌ಗಾರ್ಟ್ ಅಂದರೆ ಮರ್ಸಿಡಿಸ್, ಪೋರ್ಶೆ ಊರು. ಆ ಊರಲ್ಲೇ 2019ರ ಜನವರಿಯಿಂದ ಯೂರೋ-4 ಮತ್ತು ಅದಕ್ಕಿಂತ ಹಳೇ ಡೀಸೆಲ್ ಕಾರುಗಳನ್ನು ನಿಷೇಧ ಮಾಡಿದರು. ಕಾರು ಫ್ಯಾಕ್ಟರಿಯ ಕಾರ್ಮಿಕರು ಹಳದಿ ಜಾಕೆಟ್ ಹಾಕಿಕೊಂಡು ರಸ್ತೆಗಿಳಿದರು. ಆದರೆ ಅಷ್ಟು ಜಗಳ ಆಡುವವರೂ ಎರಡು ವರ್ಷಕ್ಕೊಮ್ಮೆಯ ತಪಾಸಣೆ ಬೇಡ ಅಂದದ್ದು ನಾನು ಕೇಳಿಲ್ಲ. ಎಡದವರೂ ಒಯ್ಯುತ್ತಾರೆ, ಬಲದವರೂ ಒಯ್ಯುತ್ತಾರೆ.

ಪದ್ಮಿನಿ_ಮೈಸೂರು

30 ವರ್ಷ! ನಮ್ಮಲ್ಲಿ 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ ಹೊರಗೆ ತರಬಹುದು, ದಿನನಿತ್ಯ ಓಡಿಸುವಂತಿಲ್ಲ. ನನ್ನ ಪದ್ಮಿನಿಗೆ 50 ತುಂಬುವುದು 2037ಕ್ಕೆ. ಅಲ್ಲಿಯವರೆಗೆ ಅದು ವಿಂಟೇಜೂ ಅಲ್ಲ, ಹೊಸದೂ ಅಲ್ಲ, ಬರೀ ಹಳೇ ಗಾಡಿ. ಆರ್‌ಸಿ ರಿನ್ಯೂವಲ್ ಫೀಸ್ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು.

ದುಡ್ಡಿನ ಬಗ್ಗೆ ನನ್ನ ತಕರಾರು ಕಡಿಮೆ. 10,000 ಕಟ್ಟುತ್ತೇನೆ. ಆದರೆ ಆ ದುಡ್ಡಿಗೆ ನನ್ನ ಕಾರಿನ ಹೊಗೆ ಒಂದು ಗ್ರಾಂ ಕೂಡ ಇಳಿಯಲ್ಲ. ನನ್ನ ಹೊಗೆ ಇಳಿಸಿದ್ದು ಒಂದು ಸ್ಕ್ರೂ ಡ್ರೈವರ್ ಮತ್ತು ಪ್ರಾಮಾಣಿಕವಾದ ಒಂದು ಟೆಸ್ಟ್.

ಯಮುನಾ_ದಂಡೆ

ದೆಹಲಿಯಿಂದ ಬರೆಯುತ್ತಿದ್ದೇನೆ, ಊರು ಹಾಸನ. ವಯಸ್ಸಿನ ಮೇಲೆ ಗಾಡಿ ಅಳೆದರೆ ಏನಾಗುತ್ತದೆ ಅಂತ ನಾವು ಅನುಭವಿಸಿದ್ದೇವೆ.

ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ದಾಟಿದರೆ ಇಲ್ಲಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2014, 2015ರಲ್ಲಿ ಆದೇಶ ಮಾಡಿತು, 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನನ್ನ ಹತ್ತಿರ 2008ರ ಡೀಸೆಲ್ ಗಾಡಿ ಇತ್ತು. ಅದರಲ್ಲಿ ದೆಹಲಿಯಿಂದ ಹಾಸನಕ್ಕೆ ಮೂರು ಸಲ ಬಂದಿದ್ದೆವು. ಸರ್ವಿಸ್ ಒಂದು ದಿನ ತಪ್ಪಿಸಿದವನಲ್ಲ. 10 ವರ್ಷ ತುಂಬಿತು, ಸಿಕ್ಕ ಬೆಲೆಗೆ ಕೊಟ್ಟೆ. ರಾಜಸ್ಥಾನದ ಒಬ್ಬರು ಎನ್‌ಒಸಿ ಮಾಡಿಸಿಕೊಂಡು ಒಯ್ದರು.

ಇಲ್ಲಿ ನನ್ನ ಸಂಕಟ ಎರಡು ಥರ. ನವೆಂಬರ್‌ನಲ್ಲಿ ಈ ಊರಿನ ಗಾಳಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಮಗ ಶಾಲೆಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಾನೆ. ಕಠಿಣ ಕಾನೂನು ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಆದರೆ ನನ್ನ ಗಾಡಿ ಗುಜರಿಗೆ ಹೋಗಲಿಲ್ಲ. ಅದು ಇನ್ನೊಬ್ಬರ ಊರಲ್ಲಿ ಅದೇ ಹೊಗೆ ಬಿಡುತ್ತಿದೆ. ಅಲ್ಲಿಯೂ ಮಕ್ಕಳಿದ್ದಾರೆ.

2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಎಣ್ಣೆ ಹಾಕಬಾರದು ಅಂದರು. ಕ್ಯಾಮೆರಾ ಇಟ್ಟರು. ಜನ ಕೂಗಾಡಿದರು, ಕೆಲವೇ ದಿನದಲ್ಲಿ ನಿಲ್ಲಿಸಿದರು. ಆಗಸ್ಟ್‌ನಲ್ಲಿ ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಕ್ರಮ ಬೇಡ ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದಕ್ಕಿಂತ ಈಚಿನವಕ್ಕೆ ಮಾತ್ರ ಅಂತಾಯಿತು. ಇದನ್ನು ನೋಡಿದರೆ ಲೆಕ್ಕ ನಿಧಾನವಾಗಿ ವಯಸ್ಸಿನಿಂದ ಹೊಗೆಯ ಕಡೆಗೆ ಬರುತ್ತಿದೆ. ಪದ್ಮಿನಿ ಸರ್ ಹೇಳುತ್ತಿರುವುದೂ ಅದೇ ಅಂದುಕೊಂಡೆ.

ಇನ್ನೊಂದು ನೆನಪಾಯಿತು. 2015ರ ಡಿಸೆಂಬರ್‌ನಲ್ಲಿ 2,000 ಸಿಸಿ ಮತ್ತು ಮೇಲಿನ ಡೀಸೆಲ್ ಕಾರುಗಳನ್ನು ಇಲ್ಲಿ ರಿಜಿಸ್ಟರ್ ಮಾಡಬಾರದು ಅಂತ ಕೋರ್ಟ್ ಹೇಳಿತ್ತು. ಮಹೀಂದ್ರ ತಕ್ಷಣ 1.99 ಲೀಟರ್ ಇಂಜಿನ್ ಮಾಡಿ ಸ್ಕಾರ್ಪಿಯೋಗೆ ಕೂರಿಸಿತು. ಮಿತಿಗಿಂತ ಕೆಲವೇ ಸಿಸಿ ಕಡಿಮೆ. ಅದರಿಂದ ಗಾಳಿಗೆ ಏನು ಸಿಕ್ಕಿತು ಹೇಳಿ?

ಘಟ್ಟದ_ಜಿಪ್ಸಿ

ನಾನು ಹೇಳುವುದೂ ಇದನ್ನೇ ಸರ್. ಸ್ಕೇಲ್ ಇಟ್ಟು ಕಾನೂನು ಮಾಡಿದರೆ ಕಂಪನಿಗಳು ಕತ್ತರಿ ಇಟ್ಟು ಕಾರು ಮಾಡುತ್ತವೆ. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಕಾರಿಗೆ ತೆರಿಗೆ ಇಳಿಸಿದರು, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗೆ. 2008ರಲ್ಲಿ ಆ ಅಳತೆಗೆ ಕತ್ತರಿಸಿದ ಟಾಟಾ ಇಂಡಿಗೊ ಸಿಎಸ್ ಬಂತು. 2012ರಲ್ಲಿ ಡಿಜೈರ್‌ನ ಹಿಂದೆ ಸಾಮಾನು ಇಡುವ ಡಿಕ್ಕಿ ಗಿಡ್ಡ ಮಾಡಿ 3,995 ಮಿಲಿಮೀಟರ್‌ಗೆ ತಂದರು. ಈಗಲೂ ಅದೇ ಗೆರೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿದ್ದರೆ ಜಿಎಸ್‌ಟಿ 18, ಹೊರಗಿದ್ದರೆ 40. ಕಾರು ಎಷ್ಟು ಹೊಗೆ ಬಿಡುತ್ತದೆ, ಎಷ್ಟು ತೂಕ, ಎಷ್ಟು ಎಣ್ಣೆ ಕುಡಿಯುತ್ತದೆ ಅಂತ ಆ ಗೆರೆ ಕೇಳುವುದೇ ಇಲ್ಲ.

335ಇ_ಹತ್ತುವವಳು

ಈಗ ನನ್ನ ಮಾತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ದಿನಾ 335ಇ ಬಸ್ಸಲ್ಲಿ ಕೆಲಸಕ್ಕೆ ಹೋಗುವವಳು. ಬೆಂಗಳೂರಿಗೆ ಬಸ್ಸು ಜಾಸ್ತಿ ಬೇಕು, ಬಸ್ಸಿಗೆ ಬೇರೆ ಲೇನ್ ಬೇಕು ಅಂತ ಸಭೆಗಳಿಗೆ ಹೋಗಿ ಮಾತಾಡುವವಳು. ಮನೆಯಲ್ಲಿ ಒಂದು ಪೋಲೋ ಇದೆ. 1.2 ಟರ್ಬೊ. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ನಂದಿ ಕಡೆಗೋ ಕೋಲಾರದ ಕಡೆಗೋ ಹೋಗುತ್ತೇನೆ. ಆ ಇಂಜಿನ್ ಸದ್ದು ನನಗೆ ಅಷ್ಟು ಇಷ್ಟ. ಬಸ್ಸಿನ ಪರ ಮಾತಾಡುವವಳು ಕಾರು ಯಾಕೆ ಇಟ್ಟಿದ್ದಾಳೆ ಅಂತ ಸಭೆಯಲ್ಲೂ ಕೇಳಿದ್ದಾರೆ. ಕಾರು ಪ್ರೀತಿಸುವವಳು ಬಸ್ ಲೇನ್ ಯಾಕೆ ಕೇಳುತ್ತಾಳೆ ಅಂತ ಡ್ರೈವ್‌ಗೆ ಬರುವ ಗೆಳೆಯರೂ ಕೇಳಿದ್ದಾರೆ. ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಮೊದಲ ಗೇರಿನಲ್ಲಿ ನಿಲ್ಲುವುದನ್ನು ಯಾವ ಕಾರು ಪ್ರೇಮಿ ಇಷ್ಟಪಡುತ್ತಾನೆ? ಬೇರೆಯವರಿಗೆ ಒಳ್ಳೆ ಬಸ್ ಸಿಕ್ಕರೆ ನನ್ನ ಪೋಲೋಗೂ ದಾರಿ ಸಿಗುತ್ತದೆ. ನನಗೆ ಇದರಲ್ಲಿ ಡಿಕ್ಕಿ ಕಾಣುವುದಿಲ್ಲ.

ಕಾನೂನು ನಮ್ಮ ಕಾರುಗಳನ್ನು ಕೆಡಿಸಿತು ಅನ್ನುವವರಿಗೂ ಒಂದು ಮಾತು. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಐದು ಕಾರುಗಳನ್ನು ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ಸ್ಟಾರ್. ಅದರಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋ ಕೂಡ ಇತ್ತು. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತು, ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ಸ್ಟಾರ್ ಬಂತು. ಅದೇ ಬಾಡಿ, ಅದೇ ಕಾರು. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಲು 2019ರ ಜುಲೈವರೆಗೆ ಕಾಯಬೇಕಾಯಿತು. ಆ ಐದು ವರ್ಷ ಏರ್‌ಬ್ಯಾಗ್ ಇಲ್ಲದ ಕಾರು ಕೊಂಡವರು ಎಷ್ಟೋ ಜನ. 2023ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1.72 ಲಕ್ಷ. ಜಿಪ್ಸಿ ಅಣ್ಣ, ಇದನ್ನು ಬರೀ ಮಾರುಕಟ್ಟೆಗೆ ಬಿಡಿ ಅಂದರೆ ನಾನು ಒಪ್ಪಲ್ಲ.

ಇನ್ನು ಪದ್ಮಿನಿ ಸರ್. ನಿಮ್ಮ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟವಾಯಿತು. ಆದರೆ ನೀವು 2.4ಕ್ಕೆ ಪಾಸ್ ಆಗಿ ಸಮಾಧಾನ ಮಾಡಿಕೊಂಡಿದ್ದೀರಿ. ನನ್ನದರಂಥ ಬಿಎಸ್-4 ಪೆಟ್ರೋಲ್ ಕಾರಿಗೆ ಮಿತಿ 0.3. ಅಂದರೆ ನೀವು ಪಾಸಾದ ಅಂಕದಲ್ಲಿ ನನ್ನ ಕಾರು ಎಂಟು ಸಲ ಫೇಲ್ ಆಗುತ್ತದೆ. ವಯಸ್ಸು ನೋಡಬೇಡಿ, ಹೊಗೆ ಅಳೆಯಿರಿ ಅನ್ನುತ್ತೀರಿ. ಸರಿ. ಎಲ್ಲರಿಗೂ ಒಂದೇ ಅಳತೆ ಇಟ್ಟರೆ ನಿಮ್ಮ ಕಾರು ಇವತ್ತೇ ನಿಲ್ಲಬೇಕು. ಹಳೇದಕ್ಕೆ ಬೇರೆ ಅಳತೆ ಇರಲಿ ಅಂದರೆ ನೀವೂ ವಯಸ್ಸೇ ನೋಡಿದಂತಾಯಿತು, ನಿಮಗೆ ಅನುಕೂಲ ಆಗುವ ಕಡೆಯಿಂದ. ಬೇಜಾರು ಮಾಡಿಕೊಳ್ಳಬೇಡಿ.

ಪದ್ಮಿನಿ_ಮೈಸೂರು

ಬೇಜಾರಿಲ್ಲ ಮೇಡಂ. ಇದಕ್ಕೆ ಇವತ್ತು ನನ್ನ ಹತ್ತಿರ ಉತ್ತರ ಇಲ್ಲ. ಯೋಚನೆ ಮಾಡಿ ಬರೆಯುತ್ತೇನೆ.

ಮುಧೋಳ_ಕಬ್ಬು

ನಮಸ್ಕಾರ ರೀ ಎಲ್ಲರಿಗೂ. ನೀವೆಲ್ಲ ಹೊಗೆ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಡಿಕ್ಕಿ ಇರುವುದು ಪೆಟ್ರೋಲ್ ಟ್ಯಾಂಕಿನೊಳಗೆ.

ನಮ್ಮದು ಮುಧೋಳ ಕಡೆ, ಎಂಟು ಎಕರೆ ಕಬ್ಬು. ಪೆಟ್ರೋಲಿಗೆ ಎಥನಾಲ್ ಸೇರಿಸಬೇಕು ಅಂತ ಮೊದಲಿಂದ ಹೇಳಿದವರು ನಾವು. ಸಕ್ಕರೆ ಬೆಲೆ ಬಿದ್ದರೂ ಕಾರ್ಖಾನೆಗೆ ಬೇರೆ ಕಡೆಯಿಂದ ದುಡ್ಡು ಬಂದರೆ ನಮ್ಮ ಬಿಲ್ಲು ಬೇಗ ಆಗುತ್ತದೆ ಅನ್ನುವ ಆಸೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್, ಶುರು ಮಾಡಿದರು. 2025ಕ್ಕೆ ದೇಶದ ತುಂಬಾ 20 ಪರ್ಸೆಂಟ್ ಆಯಿತು. ನನ್ನ ರಾಜಕೀಯ ಅಂದರೆ ರೈತನ ರಾಜಕೀಯ. ಅದರ ಪ್ರಕಾರ ನಾನು ಖುಷಿ ಪಡಬೇಕು.

ಆದರೆ ಮನೆಯಲ್ಲಿ 1998ರ ಮಾರುತಿ ಝೆನ್ ಇದೆ. ನನ್ನ ಮೊದಲ ಕಾರು. ಅದನ್ನು ಮಾಡಿದಾಗ ಇ20 ಅನ್ನುವ ಮಾತೇ ಇರಲಿಲ್ಲ. ಹೋದ ವರ್ಷ ಪೆಟ್ರೋಲ್ ಹೋಸ್ ಮೆತ್ತಗಾಗಿ ಸೋರಿತು, ಕಾರ್ಬುರೇಟರ್ ಒಳಗೆ ರಬ್ಬರ್ ಉಬ್ಬಿತ್ತು. ಮೈಲೇಜೂ ಇಳಿಯಿತು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೇ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಬರೆದಿದ್ದರು.

ಇಲ್ಲಿ ಇದನ್ನು ಹೇಳಿದರೆ ಗೆಳೆಯರು "ನೀನು ರೈತನ ಮಗನಾಗಿ ಹೀಂಗ ಮಾತಾಡ್ತಿಯಲ್ಲೋ" ಅನ್ನುತ್ತಾರೆ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ಕೊಡಿ ಅಂತ ಗುರ್ಲಾಪುರ ಕ್ರಾಸ್‌ನಲ್ಲಿ ಕುಳಿತಾಗ ನಾನೂ ಹೋಗಿದ್ದೆ. ಕಡೆಗೆ 3,300 ಅಂತ ಆಯಿತು. ಎಥನಾಲ್ ಮಾಡಿ ಇಷ್ಟು ವರ್ಷ ಆದ ಮೇಲೂ ನಮ್ಮ ಬೆಲೆಗಾಗಿ ನಾವೇ ರಸ್ತೆಯಲ್ಲಿ ಕೂರಬೇಕಾಯಿತು ಅಲ್ವಾ. ನನ್ನ ಝೆನ್ ಸೋರಿದ್ದಕ್ಕಿಂತ ಅದು ದೊಡ್ಡ ನೋವು.

ಇ20 ಬೇಡ ಅಂತ ನಾನು ಹೇಳಲ್ಲ. ಬಂಕಿನಲ್ಲಿ ಇನ್ನೊಂದು ಪಂಪ್ ಇರಲಿ, ಹಳೇ ಗಾಡಿಗೆ ಕಡಿಮೆ ಎಥನಾಲ್ ಇರುವ ಪೆಟ್ರೋಲ್ ಸಿಗಲಿ. ಜಾಸ್ತಿ ದುಡ್ಡು ಇಟ್ಟರೂ ಕೊಡುತ್ತೇನೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಹಾಗೇ ಇದೆ. 2011ರಲ್ಲಿ ಇ10 ಬಂತು. ಇ5 ಪೆಟ್ರೋಲ್ ಪಕ್ಕದ ಪಂಪಿನಲ್ಲಿ ಇವತ್ತಿಗೂ ಸಿಗುತ್ತದೆ, ಸ್ವಲ್ಪ ದುಬಾರಿ. ಯಾವ ಕಾರಿಗೆ ಯಾವುದು ಅಂತ ಮಾಲೀಕರೇ ನೋಡಿ ಹಾಕಿಸಿಕೊಳ್ಳುತ್ತಾರೆ.

ಕಾರ್ಬುರೇಟರ್_ಕೈ

ಮುಧೋಳದ ಅಣ್ಣಾರೆ, ಹೋಸ್ ಬದಲಾಯಿಸುವಾಗ ಎಥನಾಲ್ ತಡೆಯುವ ರಬ್ಬರಿನದ್ದೇ ಕೇಳಿ ಹಾಕಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಯುತ್ತದೆ.

ನನ್ನದೂ ಒಂದು ಡಿಕ್ಕಿ ಹೇಳಿಬಿಡುತ್ತೇನೆ. ಬಿಎಸ್-6 ಒಳ್ಳೆಯದು, ಒಪ್ಪಿದೆ. ಆದರೆ 2020ರಿಂದ ಈಚಿನ ಡೀಸೆಲ್ ಗಾಡಿ ನನ್ನ ಗ್ಯಾರೇಜಿಗೆ ಬಂದರೆ ಅರ್ಧ ಕೆಲಸ ನನ್ನ ಕೈಲಿ ಆಗಲ್ಲ. ಕೆಲಸ ಬರದೆ ಅಲ್ಲ. ಸ್ಕ್ಯಾನರ್ ಬೇಕು, ಸಾಫ್ಟ್‌ವೇರ್ ಬೇಕು, ಕಂಪನಿ ಕೊಡಲ್ಲ. ಇಬ್ಬರು ಹುಡುಗರನ್ನು ಕೆಲಸದಿಂದ ಬಿಡಿಸಬೇಕಾಯಿತು.

ಜಿಪ್ಸಿ ಸರ್ ಥರ ನನಗೂ ಆರ್‌ಟಿಓ ಕಾನೂನು ಅಂದರೆ ಆಗಲ್ಲ. ಆದರೆ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು, ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಅವತ್ತು ಗ್ಯಾರೇಜಿನಲ್ಲಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದ್ದೆ. ಸರ್ಕಾರ ನನ್ನ ತಂಟೆಗೆ ಬರಬಾರದು, ಕಂಪನಿ ತಂಟೆಗೆ ಹೋಗಬೇಕು. ಇದೇ ನನ್ನ ರಾಜಕೀಯ ಅನಿಸುತ್ತದೆ.

ಯಾದವಗಿರಿ_ಮನೆ

ಮೈಸೂರಿನ ಒಬ್ಬನಾಗಿ ಒಂದೇ ಮಾತು. ನಮ್ಮ ದೊಡ್ಡಪ್ಪ ಯೆಜ್ಡಿ ಬೈಕ್ ಮಾಡುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 19 ವರ್ಷ ಕೆಲಸ ಮಾಡಿದವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಕಾರಣ ಹಲವು ಇದ್ದವು, ಆದರೆ ಹೊಗೆ ನಿಯಮ ಬಿಗಿ ಆಗುತ್ತಾ ಹೋದ ಹಾಗೆ ಟೂ-ಸ್ಟ್ರೋಕ್ ಇಂಜಿನ್‌ಗೆ ಉಳಿಗಾಲ ಇರಲಿಲ್ಲ. ಅವರು ಯೂನಿಯನ್ ಮನುಷ್ಯ, ಜೊತೆಗೆ ಆಸ್ತಮಾ ಇತ್ತು. ಯೆಜ್ಡಿ ಹೊಗೆ ಕೆಟ್ಟದ್ದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ರಸ್ತೆಯಲ್ಲಿ ಯೆಜ್ಡಿ ಸದ್ದು ಕೇಳಿದರೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು.

ಪದ್ಮಿನಿ_ಮೈಸೂರು

ಮೂರು ದಿನ ಆಯಿತು. 335ಇ ಮೇಡಂ ಕೇಳಿದ್ದಕ್ಕೆ ಉತ್ತರ ಹುಡುಕುತ್ತಿದ್ದೆ. ಕಂಡಷ್ಟು ಬರೆಯುತ್ತೇನೆ.

ನೀವು ಹೇಳಿದ್ದು ಸರಿ. ಹಳೇ ಕಾರಿಗೆ ಬೇರೆ ಮಿತಿ ಇರಲಿ ಅನ್ನುವಾಗ ನಾನು ಒಂದು ರಿಯಾಯಿತಿ ಕೇಳುತ್ತಿದ್ದೇನೆ. ಅದನ್ನು ಹಕ್ಕು ಅಂತ ಹೇಳಲು ಬರುವುದಿಲ್ಲ. ರಿಯಾಯಿತಿ ಕೇಳುವವನು ಬದಲಿಗೆ ಏನಾದರೂ ಬಿಡಬೇಕು.

ಓಡೋಮೀಟರ್ ನೋಡಿದೆ. ಹೋದ ವರ್ಷ ಪದ್ಮಿನಿ ಓಡಿದ್ದು 640 ಕಿಲೋಮೀಟರ್. ಹೊಗೆ ಅಂದರೆ ಪರ್ಸೆಂಟ್ ಮಾತ್ರ ಅಲ್ಲ, ಎಷ್ಟು ದೂರ ಅನ್ನುವುದೂ ಅದರಲ್ಲಿದೆ. ದಿನಾ 40 ಕಿಲೋಮೀಟರ್ ಓಡುವ ಹೊಸ ಕಾರು, ತಿಂಗಳಿಗೆ ಎರಡು ಸಲ ಹೊರಬರುವ ಹಳೇ ಕಾರು, ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕಾದರೆ ಕಿಲೋಮೀಟರ್ ಲೆಕ್ಕ ಬೇಕೇ ಬೇಕು. ಓಡಿದಷ್ಟಕ್ಕೆ ಇನ್ಶೂರೆನ್ಸ್ ಕಟ್ಟುವ ಪಾಲಿಸಿಗೆ 2022ರ ಜುಲೈನಲ್ಲಿ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತು. ಅಂದರೆ ಓಡಿದ ದೂರವನ್ನು ಲೆಕ್ಕ ಇಡುವುದು ನಮ್ಮಲ್ಲಿ ಆಗದ ಕೆಲಸವೇನಲ್ಲ. 15 ವರ್ಷ ದಾಟಿದ ಖಾಸಗಿ ಕಾರಿಗೆ ವರ್ಷಕ್ಕೆ 1,000 ಕಿಲೋಮೀಟರ್ ಮಿತಿ ಹಾಕಲಿ. ವರ್ಷಕ್ಕೊಮ್ಮೆ ಪೈಪ್ ಒಳಗೆ ಹಾಕಿ ನಿಜವಾದ ಟೆಸ್ಟ್ ಮಾಡಲಿ, ಬ್ರೇಕ್ ನೋಡಲಿ. ಫೇಲ್ ಆದರೆ ಸರಿಮಾಡಿಸುವವರೆಗೆ ನಿಲ್ಲಿಸಲಿ. ಟ್ರಾಫಿಕ್ ಜಾಸ್ತಿ ಇರುವ ಹೊತ್ತಿನಲ್ಲಿ ಸಯ್ಯಾಜಿರಾವ್ ರಸ್ತೆಗೆ ತರಬೇಡ ಅಂದರೆ ತರುವುದಿಲ್ಲ. ಇಷ್ಟನ್ನು ನಾನು ಬಿಡಲು ತಯಾರಿದ್ದೇನೆ. ನನ್ನ ಎಡಪಂಥ ನನ್ನ ಶೆಡ್ಡಿನ ಬಾಗಿಲಲ್ಲಿ ನಿಲ್ಲಬಾರದು ಅಂತ ಈ ಮೂರು ದಿನದಲ್ಲಿ ಅನಿಸಿದೆ.

ಆದರೆ ಸುಳ್ಳು ಸರ್ಟಿಫಿಕೇಟ್ ಕೊಡುವ ಕೇಂದ್ರಗಳು ಇರುವವರೆಗೆ ಇದೆಲ್ಲ ಸುಮ್ನೆ. ಮೊದಲು ಅದು ಸರಿಯಾಗಬೇಕು. ಅದಕ್ಕಾಗಿ ಎಷ್ಟು ಜಗಳ ಬೇಕಾದರೂ ಆಡುತ್ತೇನೆ.

ಘಟ್ಟದ_ಜಿಪ್ಸಿ

1,000 ಕಿಲೋಮೀಟರ್ ನನಗೆ ಸಾಲಲ್ಲ ಸರ್, ನನ್ನದು ಕೆಲಸದ ಗಾಡಿ. ತೋಟದಿಂದ ಪೇಟೆಗೆ ಹೋಗಿ ಬಂದರೇ 36. ಆ ಮಿತಿಗೆ ನಾನು ವಿರೋಧ. ಆದರೆ ಟೆಸ್ಟ್ ನಿಜವಾಗಿರಬೇಕು ಅನ್ನುವುದಕ್ಕೆ ನಿಮ್ಮ ಜೊತೆ ನಿಲ್ಲುತ್ತೇನೆ. ಸರ್ಕಾರ ಮಾಡುವ ಕೆಲಸ ಕಡಿಮೆ ಇರಲಿ ಅನ್ನುವವನು ನಾನು. ಆ ಕಡಿಮೆ ಕೆಲಸವನ್ನಾದರೂ ಸರಿಯಾಗಿ ಮಾಡಬೇಕಲ್ಲ.

335ಇ_ಹತ್ತುವವಳು

ಸರ್, ಈ ಉತ್ತರ ನನಗೆ ಒಪ್ಪಿಗೆ. ಪೂರ್ತಿ ಅಲ್ಲ. ಕಿಲೋಮೀಟರ್ ಮಿತಿ ಯಾರು ನೋಡುತ್ತಾರೆ, ಓಡೋಮೀಟರ್ ತಿರುಗಿಸಿದರೆ ಏನು ಮಾಡುವುದು ಅಂತ ಇನ್ನೂ ಕೇಳುವುದಿದೆ. ಆದರೆ ನೀವು ಏನನ್ನಾದರೂ ಬಿಡಲು ಮುಂದೆ ಬಂದಿದ್ದೀರಿ. ಸಭೆಗಳಲ್ಲಿ ನಾನು ಇದನ್ನು ಕೇಳಿದ್ದು ಬಹಳ ಕಡಿಮೆ.

ಒಂದು ಕೆಲಸ ಮಾಡೋಣವಾ? ಕಾರ್ಬುರೇಟರ್ ಅಣ್ಣನ ಹತ್ತಿರ ಹೊಗೆ ಅಳೆಯುವ ಗ್ಯಾಸ್ ಅನಲೈಸರ್ ಇದ್ದರೆ ಒಂದು ಭಾನುವಾರ ಮೈಸೂರಲ್ಲಿ ಸೇರೋಣ. ನಮ್ಮ ನಮ್ಮ ಕಾರುಗಳನ್ನು ನಾವೇ ಟೆಸ್ಟ್ ಮಾಡಿ, ಬಂದ ಅಂಕವನ್ನು ಇಲ್ಲೇ ಬರೆಯೋಣ. ಫೇಲ್ ಆದರೂ ಬರೆಯೋಣ. ನನ್ನ ಪೋಲೋ ಕೂಡ ತರುತ್ತೇನೆ.

ಮುಧೋಳ_ಕಬ್ಬು

ಝೆನ್ ತಗೊಂಡು ಬರುತ್ತೇನೆ. ದೂರ ಆಗುತ್ತದೆ, ಆದರೂ ಬರುತ್ತೇನೆ.

ಕಾರ್ಬುರೇಟರ್_ಕೈ

ಅನಲೈಸರ್ ನನ್ನ ಹತ್ತಿರ ಇಲ್ಲ, ಗೆಳೆಯನ ಹತ್ತಿರ ಇದೆ. ಮುಂದಿನ ತಿಂಗಳ ಎರಡನೇ ಭಾನುವಾರ ತರುತ್ತೇನೆ. ಒಂದೇ ವಿನಂತಿ. ಬರುವ ಮುಂಚೆ ಯಾರೂ ಟ್ಯೂನಿಂಗ್ ಮಾಡಿಸಬೇಡಿ, ದಿನಾ ಓಡಿಸುವ ಹಾಗೇ ತನ್ನಿ. ಇಂಜಿನ್ ಬಿಸಿ ಇರಲಿ, ಚೋಕ್ ಒಳಗೆ ತಳ್ಳಿರಲಿ.